ಶೆಟ್ರು ಎರೆದ ಧಾರೆ

ನನ್ನ ಫೋನ್ ತೀರಿಕೊಂಡಿದೆ. ಸಾವಿಗೆ ಕಾರಣ: ತೆಂಗಿನ ಹಾಲು.

ನೀವು ನಗುತ್ತೀರಿ, ಗೊತ್ತು. ಸರ್ವಿಸ್ ಸೆಂಟರಿನ ಹುಡುಗಿಯೂ ನಕ್ಕಳು. ವಾಟರ್ ಡ್ಯಾಮೇಜಾ ಸರ್ ಎಂದು ಕೇಳಿದಳು. ಅಲ್ಲ, ಕೋಕೊನಟ್ ಮಿಲ್ಕ್ ಡ್ಯಾಮೇಜ್ ಎಂದೆ. ದಪ್ಪ ಹಾಲಾ, ನೀರು ಹಾಲಾ ಎಂದು ವಿಚಾರಿಸಿದಳು (ಮಂಗಳೂರಿನವಳೇ, ಸಂಶಯವಿಲ್ಲ). ದಪ್ಪದ್ದು ಎಂದೆ. ಹಾಗಾದರೆ ಆಸೆ ಬಿಡಿ ಎಂದಳು.

ಬಿಟ್ಟೆ. ಬೇಜಾರೂ ಇಲ್ಲ. ಇಂಥ ಭಾಗ್ಯದ ಸಾವು ಎಷ್ಟು ಫೋನುಗಳಿಗೆ ಸಿಗುತ್ತದೆ ಹೇಳಿ?

ಆದದ್ದು ಇಷ್ಟು. ಮಂಗಳೂರಿನ ಫಳ್ನೀರಿನಲ್ಲಿ ನಮ್ಮ ಎದುರು ಫ್ಲಾಟಿನವರು ಜೆಸಿಂತಾಬಾಯಿ, ರಿಟೈರ್ಡ್ ನರ್ಸ್. ಅವರ ಗಂಡ ಸ್ಟ್ಯಾನಿ ಸೈನ್ಯದಲ್ಲಿದ್ದರು. ಮಗಳು ಲೀನಾ ತೊಟ್ಟಿಲಲ್ಲಿದ್ದಾಗ ಗಡಿಯ ಬೆಟ್ಟವೊಂದರ ಮೇಲೆ ನಡೆದ ಕಾಳಗದಲ್ಲಿ ತೀರಿಕೊಂಡರು. ಸರಕಾರ ಶೌರ್ಯ ಪದಕ ಕೊಟ್ಟಿತು. ಆ ಗಂಭೀರ ಸಮಾರಂಭದಲ್ಲಿ, ದೊಡ್ಡ ದೊಡ್ಡವರೆಲ್ಲ ಉಸಿರು ಬಿಗಿಹಿಡಿದು ಕೂತಿರುವಾಗ, ಅಮ್ಮನ ತೊಡೆಯಲ್ಲಿದ್ದ ಲೀನಾ ಪದಕವನ್ನು ಬಾಯಿಗೆ ಹಾಕಿಕೊಂಡು ಕಚ್ಚಿದಳಂತೆ. ಹಲ್ಲು ಬರುತ್ತಿತ್ತು, ಮಗು ಏನು ಮಾಡೀತು? ಜೆಸಿಂತಾಬಾಯಿ ಈಗಲೂ ಪದಕ ತೋರಿಸುವಾಗ ಮೊದಲು ಆ ಹಲ್ಲಿನ ಗುರುತು ಹುಡುಕುತ್ತಾರೆ.

ಪದಕ ಕಚ್ಚಿದ ಆ ಹುಡುಗಿಗೆ ಮೊನ್ನೆ ಮದುವೆ.

ಮದುವೆಯ ಹಿಂದಿನ ದಿನ ಇಲ್ಲಿನ ಕ್ರೈಸ್ತರ ಮನೆಗಳಲ್ಲಿ ‘ರೋಸ್’ ಎಂಬ ಶಾಸ್ತ್ರ ಇರುತ್ತದೆ. ಮದುಮಗಳ ತಲೆಗೆ ತೆಂಗಿನ ಹಾಲು ಹಾಕಿ ಮೀಯಿಸುವುದು. ಮೊದಲು ಅಪ್ಪ, ಅಮ್ಮ. ಆಮೇಲೆ ನೆಂಟರು. ಕೊನೆಗೆ ಕಸಿನ್‌ಗಳ ಪಡೆ (ಅವರ ಕೈಯಲ್ಲಿ ಮೊಟ್ಟೆ, ಸಾಸ್, ಬಿಯರ್ ಎಲ್ಲ ಇರುತ್ತದೆ. ಇದು ಯಾವ ಶಾಸ್ತ್ರವೋ ದೇವರೇ ಬಲ್ಲ). ಆದರೆ ಅಪ್ಪನ ಜಾಗದಲ್ಲಿ ಯಾರು ನಿಲ್ಲುವುದು? ದುಬಾಯಿಯಿಂದ ಬಂದ ಚಿಕ್ಕಪ್ಪ ತಯಾರಾಗಿಯೇ ಇದ್ದರು. ಜೆಸಿಂತಾಬಾಯಿ ಒಪ್ಪಲಿಲ್ಲ. ಅವರಿಗೆ ಬೇಕಾದದ್ದು ಬೋಳಾರದ ರಘು ಶೆಟ್ರು. ಕರೆದುಕೊಂಡು ಬರುವ ಡ್ಯೂಟಿ ನನ್ನದು.

ಶೆಟ್ರು ಈಗ ಹೋಟೆಲ್ ನಡೆಸುತ್ತಾರೆ. ಆಗ ಸ್ಟ್ಯಾನಿಯ ಜೊತೆ ಅದೇ ಬೆಟ್ಟದಲ್ಲಿದ್ದವರು. ಕಾಲಿಗೆ ಗುಂಡು ತಾಗಿ ಬಿದ್ದಿದ್ದ ಅವರನ್ನು ಸ್ಟ್ಯಾನಿ ಬೆನ್ನ ಮೇಲೆ ಹೊತ್ತು ಇಳಿದರು. ಸುತ್ತ ಗುಂಡು ಹಾರುತ್ತಿದೆ, ಸ್ಟ್ಯಾನಿ ದಾರಿಯುದ್ದಕ್ಕೂ ಬೈಯುತ್ತಿದ್ದಾರೆ.

"ಎಂತ ಭಾರ ಮಾರಾಯ ನೀನು. ಊರಿನ ಕೋರಿರೊಟ್ಟಿ ಎಲ್ಲ ನೀನೇ ತಿಂದದ್ದಾ? ನನ್ನ ಮಗಳ ಮದುವೆಗೆ ಬಾ, ಆದರೆ ನಿನಗೆ ಅರ್ಧ ಪ್ಲೇಟ್ ಮಾತ್ರ."

ಬಂಡೆಯ ಮರೆಯಲ್ಲಿ ಶೆಟ್ರನ್ನು ಇಳಿಸಿ, ಮೇಲೆ ಬಿದ್ದಿದ್ದ ಇನ್ನೊಬ್ಬನನ್ನು ತರಲು ಮತ್ತೆ ಹತ್ತಿದರು. ಅವನನ್ನೂ ಬಂಡೆಯವರೆಗೆ ತಂದು ಮುಟ್ಟಿಸಿದರು. ತಾವು ಮಾತ್ರ ಬಂಡೆಯ ಈಚೆಗೆ ಬರಲಿಲ್ಲ.

ಹೋಟೆಲಿಗೆ ಹೋಗಿ ನಾನು ವಿಷಯ ಹೇಳಿದಾಗ ಶೆಟ್ರು ತಲೆ ಎತ್ತಲೇ ಇಲ್ಲ. ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸಿದರು.

"ಅವನ ಜಾಗದಲ್ಲಿ ನಿಲ್ಲಲಿಕ್ಕೆ ನನಗೆ ಎಂತ ಯೋಗ್ಯತೆ ಉಂಟು? ಅವನು ಹೋದ, ನಾನು ಇಲ್ಲಿ ಚಾ ಮಾರ್ತಾ ಇದ್ದೇನೆ."

ನನ್ನ ಬಾಯಿ ಸುಮ್ಮನಿರಬೇಕಲ್ಲ? ಮದುವೆಗೆ ಕರೆದದ್ದು ನಾನಲ್ಲ ಶೆಟ್ರೇ, ಸ್ಟ್ಯಾನಿ ಎಂದೆ. ಅರ್ಧ ಪ್ಲೇಟ್ ಊಟ ಬಾಕಿ ಇದೆ ಎಂದೆ. ಅವರು ಒರೆಸುವ ಬಟ್ಟೆ ಕೆಳಗಿಟ್ಟರು. ಕೊನೆಗೆ ಡ್ರೆಸ್ ಎಂತದ್ದು ಎಂದು ಕೇಳಿದರು. ಒಳ್ಳೆಯದು ಹಾಕಿ ಎಂದುಬಿಟ್ಟೆ.

ರೋಸ್‌ಗೆ ಜನ ಹರಕಲು ಟೀಶರ್ಟಿನಲ್ಲಿ ಬರುತ್ತಾರೆ. ನಮ್ಮ ಶೆಟ್ರು ಬಂದದ್ದು ಹೇಗೆ? ಬ್ಲೇಜರ್, ಟೈ, ಎದೆಯ ಮೇಲೆ ಸಾಲು ಮೆಡಲ್, ಮುಖ ಕಾಣುವಷ್ಟು ಪಾಲಿಶ್ ಮಾಡಿದ ಶೂ! ಕುಂಟುತ್ತಲೇ ನೆಟ್ಟಗೆ ನಡೆದು ಬಂದರು. ಫ್ಲಾಟಿನ ಪಾರ್ಕಿಂಗಿನಲ್ಲಿ ಬ್ಯಾಂಡಿನವರು ತಾವಾಗಿಯೇ ಬಾಜಿಸುವುದನ್ನು ನಿಲ್ಲಿಸಿದರು. ಮೊಟ್ಟೆ ಹಿಡಿದಿದ್ದ ಕಸಿನ್‌ಗಳು ಕೈ ಹಿಂದಕ್ಕೆ ಕಟ್ಟಿಕೊಂಡರು.

ಜೆಸಿಂತಾಬಾಯಿ ತೆಂಗಿನ ಹಾಲಿನ ಪಾತ್ರೆ ಕೊಟ್ಟರು. ಶೆಟ್ರು ಸುತ್ತಲೂ ನೋಡಿದರು.

"ಮದುಮಗ ಎಲ್ಲಿ?"

ಮದುಮಗ ರೋಶನ್ ಉಳ್ಳಾಲದಲ್ಲಿ, ತನ್ನ ಮನೆಯ ರೋಸ್‌ನಲ್ಲಿ. ಅದನ್ನು ಹೇಳಿದರೆ ಶೆಟ್ರು ಗಾಬರಿಯಾದರು. ಮದುಮಗ ಇಲ್ಲದೆ ಧಾರೆ ಎರೆಯುವುದು ಹೇಗೆ ಎಂದರು.

ಆಗ ನನಗೆ ಅರ್ಥವಾಯಿತು. ತುಳುವರ ಮದುವೆಯಲ್ಲಿ ಹೆಣ್ಣು ಗಂಡಿನ ಕೈ ಸೇರಿಸಿ ಹಿರಿಯರು ಧಾರೆ ಎರೆಯುತ್ತಾರಲ್ಲ, ಅಪ್ಪ ಮಗಳನ್ನು ಕೊಡುವುದು ಹಾಗೆಯೇ. ಅಪ್ಪನ ಜಾಗದಲ್ಲಿ ನಿಂತು ಹಾಲು ಎರೆಯಿರಿ ಎಂದರೆ ಅವರಿಗೆ ಬೇರೆ ಏನು ಹೊಳೆದೀತು? ರಾತ್ರಿಯೆಲ್ಲ ಅದಕ್ಕೇ ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದಾರೆ. ತಿದ್ದಲು ನಾನು ಬಾಯಿ ತೆರೆದೆ. ಲೀನಾ ಕಣ್ಣಲ್ಲೇ ಬೇಡ ಎಂದಳು. ನನ್ನ ಫೋನ್ ಕಿತ್ತುಕೊಂಡು ವಿಡಿಯೊ ಕಾಲ್ ಮಾಡಿದಳು.

ರೋಶನ್ ಸ್ಕ್ರೀನಿಗೆ ಬಂದ. ಹುಬ್ಬಿನಿಂದ ಮೊಟ್ಟೆಯ ಲೋಳೆ ಇಳಿಯುತ್ತಿತ್ತು. ವಿಷಯ ತಿಳಿದು, ಅಲ್ಲಿಂದಲೇ ಅಂಗೈ ಚಾಚಿದ. ಲೀನಾ ಫೋನನ್ನು ತನ್ನ ಎರಡೂ ಅಂಗೈ ಮೇಲೆ ಮಲಗಿಸಿ ಹಿಡಿದಳು. ಶೆಟ್ರು ಕಣ್ಣು ಮುಚ್ಚಿದರು. ಎರೆದರು.

ಅದೇನು ಚಮಚದ ಲೆಕ್ಕವಾ? ಇಡೀ ಪಾತ್ರೆ! ರೋಶನ್ ಮೊದಲು ಬಿಳಿಯಾದ, ಆಮೇಲೆ ಕಪ್ಪಾದ, ಆಮೇಲೆ ಇಲ್ಲವಾದ. ನನ್ನ ಫೋನ್ ಒಮ್ಮೆ ನಡುಗಿ ಕಣ್ಮುಚ್ಚಿತು.

ಒಬ್ಬರು ಆಂಟಿ, ಪಾಪ, ತಡೆಯಲಾರದೆ ಹೇಳಿಬಿಟ್ಟರು: ಹಾಲು ಹಾಕುವುದು ಕೈಗಲ್ಲ, ತಲೆಗೆ. ಶೆಟ್ರ ಮುಖ ಬಿಳಿಚಿಕೊಂಡಿತು. ಖಾಲಿ ಪಾತ್ರೆ ಹಿಡಿದುಕೊಂಡೇ, ತಪ್ಪಾಯಿತಾ ಜೆಸಿಂತಾಬಾಯಿ ಎಂದು ಕೇಳಿದರು.

ಜೆಸಿಂತಾಬಾಯಿ ಅವರ ಕೈ ಹಿಡಿದುಕೊಂಡರು.

"ಎಂತ ತಪ್ಪು ಶೆಟ್ರೇ? ಮಗಳನ್ನು ಕೊಡಬೇಕಾದದ್ದು ಅಪ್ಪ ಅಲ್ವಾ? ಸ್ಟ್ಯಾನಿ ನಿಮ್ಮನ್ನು ಸುಮ್ಮನೆ ಹೊತ್ತುಕೊಂಡು ಬಂದದ್ದಾ?"

ಶೆಟ್ರು ಅತ್ತರು. ನಾವೂ ಅತ್ತೆವು. ಎಷ್ಟು ಹೊತ್ತು? ಮೊದಲ ಮೊಟ್ಟೆ ಅವರ ಮೆಡಲ್‌ಗಳ ಮೇಲೆ ಒಡೆಯುವವರೆಗೆ. ಎಸೆದವಳು ಮದುಮಗಳೇ! ಶೆಟ್ರು ಅಟೆನ್ಶನ್‌ನಲ್ಲಿ ನಿಂತು ಎರಡನೆಯದನ್ನೂ ಸ್ವೀಕರಿಸಿದರು, ಮೂರನೆಯದಕ್ಕೆ ಸಾಸ್ ಬಾಟಲಿ ಕೈಗೆತ್ತಿಕೊಂಡು ಪ್ರತಿದಾಳಿ ಮಾಡಿದರು. ಬ್ಯಾಂಡ್ ಮತ್ತೆ ಶುರುವಾಯಿತು. ಆ ದಿನ ಅವರು ಊಟ ಮಾಡಿದ್ದು ಅರ್ಧ ಪ್ಲೇಟ್ ಅಲ್ಲವೇ ಅಲ್ಲ, ನಾನು ಸಾಕ್ಷಿ.

ಕುಣಿಯುವ ಭರದಲ್ಲಿ ನಾನು ಮತ್ತು ಮೂವರು ಕಸಿನ್‌ಗಳು ಸೇರಿ ಶೆಟ್ರನ್ನು ಹೆಗಲ ಮೇಲೆ ಎತ್ತಿದೆವು. ಗೇಟಿನವರೆಗೆ ಹೋಗಿ ಬರುವ ಪ್ಲಾನ್. ಎರಡು ಕಾರು ದಾಟುವಷ್ಟರಲ್ಲಿ ಏದುಸಿರು ಬಂತು, ನನ್ನ ಸೊಂಟ ಇನ್ನೂ ಸರಿಯಾಗಿಲ್ಲ.

ನಾಲ್ಕು ಜನರಿಗೆ ಪಾರ್ಕಿಂಗ್ ದಾಟಿಸಲು ಆಗದ ಈ ಮನುಷ್ಯನನ್ನು, ಆ ಬೆಟ್ಟದಿಂದ, ಗುಂಡುಗಳ ನಡುವೆ, ಸ್ಟ್ಯಾನಿ ಒಬ್ಬರೇ ಅದು ಹೇಗೆ ಇಳಿಸಿದರು ಮಾರಾಯ್ರೆ?