ಸೂಜಿಯ ಕೆಳಗೆ ನಿಲ್ಲದ ಲೋಳೆ

ಬ್ಯಾಕ್ಟೀರಿಯಾದ ಮೇಲೆ ಸಿಟ್ಟು ಮಾಡಿಕೊಳ್ಳುವುದು ವಿಜ್ಞಾನ ಕಲಿಸುವವರಿಗೆ ಶೋಭೆಯಲ್ಲ. ಆದರೂ ಒಪ್ಪಿಕೊಂಡುಬಿಡುತ್ತೇನೆ: ಹೋದ ವರ್ಷ ನಾನು ಒಂದು ಬ್ಯಾಕ್ಟೀರಿಯಾಕ್ಕೆ ಬಾಯಿಬಿಟ್ಟು ಬೈದಿದ್ದೇನೆ. ಬೈಲಹೊಂಗಲದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಜೀವಶಾಸ್ತ್ರ ಕಲಿಸಿ, ನಲವತ್ತೆಂಟನೆಯ ವಯಸ್ಸಿನಲ್ಲಿ ಪಿಎಚ್‌ಡಿಗೆ ಕೈಹಾಕಿದವಳು ನಾನು. ಆ ವಯಸ್ಸಿನಲ್ಲಿ ಬೈಯಲು ಮನೆಯಲ್ಲೇ ಗಂಡ ಇರುತ್ತಾನೆ, ಮಕ್ಕಳಿರುತ್ತಾರೆ. ನಾನು ಕಣ್ಣಿಗೆ ಕಾಣದ್ದನ್ನು ಹುಡುಕಿಕೊಂಡು ಹೋದೆ.

ಹೋಗುವಂತೆ ಮಾಡಿದವಳು ಸಾಲಹಳ್ಳಿಯ ನನ್ನ ಚಿಕ್ಕಮ್ಮ, ಚಿಗವ್ವ ನೀಲವ್ವ. ಕುಡಿಯುವ ನೀರಿನ ಪ್ಲಾಸ್ಟಿಕ್ ಕೊಡವನ್ನು ಆಕೆ ದಿನಾ ತಿಕ್ಕುತ್ತಾಳೆ. ಆದರೂ ಎರಡು ದಿನಕ್ಕೆ ಒಳಗೆ ಕೈಯಾಡಿಸಿದರೆ ಲೋಳೆ. ಒಮ್ಮೆ ಹೋದಾಗ ಕೊಡವನ್ನು ನನ್ನ ಮುಂದೆ ಕುಕ್ಕಿ, "ನೀ ಕಾಲೇಜಿನ್ಯಾಗ ಇದನ್ನ ಕಲಸ್ತಿ ಅಲ್ಲೇನ? ಇದ್ಯಾಕ ಬಿಟ್ಟ ಹೋಗವಲ್ದು, ಹೇಳ ನೋಡೂಣು" ಅಂದಳು. ಲೋಳೆಯೆಂದರೆ ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಒಂದು ಓಣಿ ಎಂದೆಲ್ಲ ವಿವರಿಸಿದೆ. "ಅದು ಖರೇ. ಯಾಕ ಹೋಗವಲ್ದು?" ಎಂದು ಮತ್ತೆ ಕೇಳಿದಳು. ಇಂಥ ಪ್ರಶ್ನೆ ಕೇಳುವವರು ತರಗತಿಯಲ್ಲಿ ಕೂರುವುದಿಲ್ಲ ಎಂಬುದು ನಮ್ಮಂಥ ಅಧ್ಯಾಪಕರ ಪುಣ್ಯ.

ಹೀಗೆ ಆ ಜೀವಿಗಳ ಮೈ ಎಂಥದು, ಅವು ಎಷ್ಟು ಬಲವಾಗಿ ಹಿಡಿದುಕೊಳ್ಳುತ್ತವೆ ಎಂಬುದೇ ನನ್ನ ಸಂಶೋಧನೆಯಾಯಿತು. ಅದನ್ನು ನೋಡುವ ಯಂತ್ರದ ಹೆಸರು ಪರಮಾಣು ಬಲ ಸೂಕ್ಷ್ಮದರ್ಶಕ. ನೇಸರಗಿಯ ಬಸ್ಸಿನಲ್ಲಿ ಪಕ್ಕದವರೊಬ್ಬರು ಏನು ಓದುತ್ತೀರಿ ಎಂದು ಕೇಳಿದಾಗ ಈ ಹೆಸರು ಹೇಳಿದೆ. ಅವರು ಸೀಟು ಬದಲಿಸಿದರು. ನಿಜದಲ್ಲಿ ಅದರಷ್ಟು ಸೌಮ್ಯ ಯಂತ್ರ ಇನ್ನೊಂದಿಲ್ಲ. ಸಂತೆಯಲ್ಲಿ ಸೀರೆ ಕೊಳ್ಳುವ ಮುದುಕಿಯರು ಕಣ್ಣನ್ನು ನಂಬದೆ ಬೆರಳಾಡಿಸಿ ನೋಡುತ್ತಾರಲ್ಲ, ಹಾಗೆ ಇದೂ ಒಂದು ಅತಿಸಣ್ಣ ಸೂಜಿಯಿಂದ ಜೀವಕೋಶದ ಮೈಯನ್ನು ಸವರುತ್ತ ಹೋಗುತ್ತದೆ. ಎಲ್ಲಿ ಉಬ್ಬು, ಎಲ್ಲಿ ತಗ್ಗು, ಎಲ್ಲಿ ಅಂಟು ಎಂಬುದನ್ನೆಲ್ಲ ಸಾಲುಸಾಲಾಗಿ ಪರದೆಯ ಮೇಲೆ ಬರೆಯುತ್ತದೆ. ಷರತ್ತು ಒಂದೇ: ಸವರಿಸಿಕೊಳ್ಳುವವರು ಅಲುಗಾಡಬಾರದು.

ಅಲ್ಲೇ ಬಂತು ಗ್ರಹಚಾರ. ಚಿಗವ್ವನ ಕೊಡವನ್ನು ಯಾವ ಬೂದಿಗೂ ಯಾವ ಪುಡಿಗೂ ಬಗ್ಗದೆ ಹಿಡಿದುಕೊಂಡಿದ್ದ ಅದೇ ಬ್ಯಾಕ್ಟೀರಿಯಾ, ಸೂಜಿಯ ಕೆಳಗಿಡುವ, ಬೆರಳುಗುರಿನಷ್ಟು ಅಭ್ರಕದ (ಮೈಕಾ) ಹಾಳೆಗೆ ಮಾತ್ರ ಹಿಡಿಯಲೊಲ್ಲದು! ಅಂಟಿಸಲು ಜೆಲಾಟಿನ್ ಬಳಿಯುವುದು ರೂಢಿ. ಬಳಿದೆ. ಸೂಜಿ ತಾಗಿದ್ದೇ ತಡ, ಕಸಬರಿಗೆ ತಾಗಿದ ಹೊಟ್ಟಿನಂತೆ ಎಲ್ಲ ಪಕ್ಕಕ್ಕೆ ಸರಿದವು. ಪರದೆಯ ಮೇಲೆ ಬರೀ ಗೀಚು. ವಿಶ್ವವಿದ್ಯಾಲಯದ ಆ ಯಂತ್ರದ ಸರದಿ ಸಿಗುವುದು ತಿಂಗಳಿಗೊಮ್ಮೆ. ಮನೆಯಲ್ಲೇ ಹಾಳೆ ತಯಾರಿಸಿ, ಡಬ್ಬಿಯಲ್ಲಿಟ್ಟುಕೊಂಡು, ಕಿತ್ತೂರಿನಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಐದು ತಿಂಗಳು, ಐದು ಗೀಚು. ಮಾರ್ಗದರ್ಶಕರು, "ಮುಂದಿನ ಸರದಿಗೆ ಚಿತ್ರ ಬರದಿದ್ದರೆ ಆ ಅಧ್ಯಾಯವನ್ನೇ ಬಿಡಿ" ಎಂದುಬಿಟ್ಟರು. ಆ ಅಧ್ಯಾಯ ಬಿಟ್ಟರೆ ಪ್ರಬಂಧದಲ್ಲಿ ಉಳಿಯುವುದು ಮುನ್ನುಡಿ ಮತ್ತು ಗಂಡನಿಗೆ ಕೃತಜ್ಞತೆ.

ಯಂತ್ರ ನಡೆಸುವವರು ರಾಜೇಸಾಬ್ ಎಂಬ ಸವದತ್ತಿಯ ಹಿರಿಯರು. ಪ್ರತಿ ಗೀಚಿಗೂ ಶಾಂತವಾಗಿ, "ಇವು ಕುಂದ್ರವಲ್ಲವ್ರಿ ಮೇಡಂ" ಎನ್ನುತ್ತಿದ್ದರು. ಆ ಶಾಂತಿಯೇ ನನ್ನನ್ನು ಕೆರಳಿಸಿತು. ಐದನೆಯ ಸಲ ನಾನು ಬ್ಯಾಕ್ಟೀರಿಯಾಕ್ಕೆ ಬೈದದ್ದು ಸಾಲದೆ, ಹೊರಗಿನ ಬೆಂಚಿನ ಮೇಲೆ ಕೂತು ವಿಭಾಗದ ಮುಖ್ಯಸ್ಥರಿಗೆ ದೂರು ಬರೆದೆ. ಯಂತ್ರ ನಡೆಸುವವರ ನಿರ್ಲಕ್ಷ್ಯ, ಅಶ್ರದ್ಧೆ ಇತ್ಯಾದಿ. ಮುಖ್ಯಸ್ಥರು ಓದಿ, "ಹಂಗಾರ ಅವರನ್ನ ಸ್ಟೋರ್ ರೂಮಿಗೆ ಹಾಕೂಣ್ರಿ" ಎಂದರು. ಬಸ್ಸಿನಲ್ಲಿ ಕೂತ ಮೇಲೆ, ಬರೆದದ್ದು ಜಾಸ್ತಿಯಾಯಿತೇನೋ ಅನಿಸಿತು. ಹಸಿವಿಗೆ ಹಾಗನಿಸುತ್ತದೆ ಎಂದುಕೊಂಡು ಬಾಳೆಹಣ್ಣು ತಿಂದೆ.

ಆರನೆಯ ಸರದಿಗೆ ಹೋದಾಗ ಹೊಸಬರಿರುತ್ತಾರೆ ಎಂದುಕೊಂಡಿದ್ದೆ. ಇದ್ದವರು ರಾಜೇಸಾಬರೇ. ನನ್ನ ಡಬ್ಬಿಯನ್ನು ಮುಟ್ಟದೆ, "ಇವತ್ತ ಇದು ಬ್ಯಾಡ್ರಿ. ಹ್ಯಾಂಗ ಬಳೀತೀರಿ, ನನ್ನ ಮುಂದ ಬಳದ ತೋರಸ್ರಿ" ಎಂದರು. ಗಟ್ಟಿಯಾಗಿ ಹಿಡಿಯಲಿ ಎಂದು ನಾನು ದೋಸೆಗೆ ಬೆಣ್ಣೆ ಸವರುವ ಧಾರಾಳದಲ್ಲಿ ಜೆಲಾಟಿನ್ ಬಳಿದೆ. ಅವರು ಹಣೆ ಹಿಡಿದುಕೊಂಡರು.

"ಅಯ್ಯ ಮೇಡಂ! ನಮ್ಮ ಅಪ್ಪಾ ಹಿತ್ತಾಳಿ ಭಾಂಡೇಕ ಕಲಾಯಿ ಹಾಕ್ತಿದ್ರು. ತವರ ದಪ್ಪ ಆದ್ರ ಹಪ್ಪಳ ಎದ್ದಂಗ ಏಳತೈತ್ರಿ. ಮೊದಲ ಮೈ ಚೊಕ್ಕ ಆಗ್ಬೇಕು, ಆಮ್ಯಾಲ ಅರಿವೀಲೆ ಒರಸಿ ಒರಸಿ ತೆಳ್ಳಗ ಮಾಡ್ಬೇಕು. ಹಿಡಿಯೂದು ತೆಳ್ಳಂದ, ದಪ್ಪಂದಲ್ಲ."

ಅವರು ಟೇಪು ಅಂಟಿಸಿ ಅಭ್ರಕದ ಮೇಲಿನ ಪದರ ಕಿತ್ತರು. ಹೊಸ ಮೈ ಹೊಳೆಯಿತು. ಅದನ್ನು ತೆಳು ಜೆಲಾಟಿನ್ ನೀರಿನಲ್ಲಿ ಒಮ್ಮೆ ಅದ್ದಿ, ತೊಳೆದ ತಟ್ಟೆಯಂತೆ ಗೋಡೆಗೆ ಒರಗಿಸಿಟ್ಟರು. ಒಣಗಿದ ಮೇಲೆ ನನ್ನ ಬ್ಯಾಕ್ಟೀರಿಯಾದ ಹನಿ ಹಾಕಿ, ಅರ್ಧ ತಾಸು ಬಿಟ್ಟು ಮೆಲ್ಲಗೆ ತೊಳೆದು, ಸೂಜಿ ಇಳಿಸಿದರು. ಮೊದಲ ಸಾಲು ಬಂತು. ಹತ್ತನೆಯದು ಬಂತು. ಪರದೆಯ ಮೇಲೆ ಶೇಂಗಾದ ಕಾಳಿನಂಥ ಒಂದು ಜೀವ ನಿಧಾನವಾಗಿ ಮೂಡಿತು. ಮೈತುಂಬ ಸಣ್ಣ ಗಂಟುಗಳು, ಬದಿಗೆ ಎಳೆಎಳೆ ಅಂಟು. ಅಲುಗಾಡದೆ ಕೂತಿತ್ತು. ನನಗೆ ಅಳು ಬಂತು. ರಾಜೇಸಾಬರು ಕರ್ಚೀಫು ಕೊಡಲಿಲ್ಲ, "ಕುರ್ಚಿ ಸರಸಬ್ಯಾಡ್ರಿ, ಚಿತ್ರ ಕೆಡತೈತಿ" ಎಂದರು.

ಚಿತ್ರ ಮುಗಿದದ್ದೇ ಮುಖ್ಯಸ್ಥರ ಕೋಣೆಗೆ ಓಡಿ, ತಪ್ಪು ನನ್ನದೆಂದು ಹೇಳಿ ದೂರನ್ನು ವಾಪಸು ಕೇಳಿದೆ. "ಯಂತ್ರಾ ನಡಸಾಕ ಬ್ಯಾರೆಯವ್ರು ಸಿಗಲಿಲ್ಲ, ಅದಿನ್ನೂ ಫೈಲಿನ್ಯಾಗ ಐತ್ರಿ. ಫೈಲೂ ರಾಜೇಸಾಬ್ರೇ ನೋಡ್ತಾರು, ಅವರನ್ನ ಕೇಳ್ರಿ" ಎಂದರು. ಅಂದರೆ ತಮ್ಮ ಮೇಲಿನ ದೂರನ್ನು ತಾವೇ ಓದಿ, ತಾವೇ ಫೈಲು ಮಾಡಿ, ಈ ಮನುಷ್ಯ ಬೆಳಿಗ್ಗೆಯಿಂದ ನನಗೆ ಜೆಲಾಟಿನ್ ಬಳಿಯುವುದು ಕಲಿಸುತ್ತಿದ್ದರು.

ತಲೆ ತಗ್ಗಿಸಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವರು ಫೈಲಿನಿಂದ ಕಾಗದ ತೆಗೆದುಕೊಟ್ಟು, "ಇರ್ಲಿ ಬಿಡ್ರಿ, ಸಿಟ್ಟಿನ್ಯಾಗ ಬರದೀರಿ. ಮೂರ ಕಡೆ ಕಾಗುಣಿತ ತಪ್ಪಿತ್ತು, ತಿದ್ದೇನಿ ನೋಡ್ರಿ" ಎಂದರು.

ನೋಡಿದೆ. 'ನಿರ್ಲಕ್ಷ್ಯ'ಕ್ಕೂ 'ಅಶ್ರದ್ಧೆ'ಗೂ ಕೆಂಪು ಶಾಯಿ ಬಿದ್ದಿತ್ತು. ಅವೆರಡೂ ನನ್ನದೇ ತಪ್ಪು. ಮೂರನೆಯದು 'ಜೆಲಾಟಿನ್'; ಅದು 'ಜಿಲಾಟಿನ್' ಆಗಬೇಕೋ ಬೇಡವೋ ಎಂದು ನಾವಿಬ್ಬರೂ ಇವತ್ತಿಗೂ ವಾದ ಮಾಡುತ್ತಿದ್ದೇವೆ.