ಅಮ್ಮ ಅಳಿಸಿದ ಗಿಟಾರ್

ಹಳೆಯ ಕ್ಯಾಸೆಟ್ಟುಗಳಿಗೆ ಒಂದು ವಾಸನೆ ಇದೆ, ನೀವು ಗಮನಿಸಿದ್ದೀರೋ ಇಲ್ಲವೋ. ಸ್ವಲ್ಪ ತುಕ್ಕು, ಸ್ವಲ್ಪ ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು. ಕಳೆದ ವಾರ ಬನ್ನಂಜೆಯ ಅಣ್ಣನ ಮನೆಗೆ ಹೋಗಿದ್ದಾಗ ಅವನು ಹಾಲುಪುಡಿಯ ದೊಡ್ಡ ಡಬ್ಬವೊಂದನ್ನು ನನ್ನ ಮುಂದಿಟ್ಟು ಮುಚ್ಚಳ ತೆಗೆದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ವಯಸ್ಸಾದವರಿಗೆ ಹಳೆಯ ವಾಸನೆಗಳಿಂದ ಕಣ್ಣು ತುಂಬಿ ಬರುತ್ತದೆ ಎನ್ನುತ್ತಾರೆ. ನನಗೆ ಬರುವುದು ಸಿಟ್ಟು ಮಾತ್ರ. ಬಿ.ಪಿ. ಮಾತ್ರೆ ಬರೆದುಕೊಡುವ ಡಾಕ್ಟರಿಗೂ ಇದು ಗೊತ್ತು.

ಎಪ್ಪತ್ತರ ದಶಕದ ಕಾಪುವಿನಲ್ಲಿ, ಮೀನು ವ್ಯಾಪಾರದ ಮನೆಯವನೊಬ್ಬನಿಗೆ ರಾಕ್ ಸಂಗೀತದ ಹುಚ್ಚು ಹೇಗೆ ಹಿಡಿಯಿತು ಎಂದು ನೀವು ಕೇಳಬಹುದು. ಅದಕ್ಕೆ ಮಣಿಪಾಲವೇ ಮೂಲ. ಅಲ್ಲಿಗೆ ಓದಲು ಬರುತ್ತಿದ್ದ ಹೊರದೇಶದ ವಿದ್ಯಾರ್ಥಿಗಳ ಪೆಟ್ಟಿಗೆಗಳಲ್ಲಿ, ದಪ್ಪ ಪುಸ್ತಕಗಳ ಅಡಿಯಲ್ಲಿ ಕ್ಯಾಸೆಟ್ಟುಗಳಿರುತ್ತಿದ್ದವು. ನಾನು ಉಡುಪಿಯ ಕಾಲೇಜು ಮುಗಿಸಿ ಬಸ್ಸು ಹತ್ತಿ, ಅಮ್ಮ ಕಾಯಿಸಿಕೊಟ್ಟ ಬಂಗುಡೆಯನ್ನು ಅವರ ಹಾಸ್ಟೆಲಿಗೆ ಒಯ್ದು, ಬದಲಿಗೆ ಕ್ಯಾಸೆಟ್ಟು ತರುತ್ತಿದ್ದೆ. ಪಾಪ, ಮನೆಯೂಟ ಇಲ್ಲದ ಮಕ್ಕಳು ಎಂದು ಅಮ್ಮನಿಗೆ ಹೇಳಿದ್ದೆ. ಅವಳು ಪ್ರತಿಸಲ ಎರಡು ಮೀನು ಹೆಚ್ಚೇ ಹಾಕುತ್ತಿದ್ದಳು.

ನಾನು ಮೆಚ್ಚಿದವರೆಲ್ಲ ಸಾಯುವುದರಲ್ಲಿ ಬಹಳ ಚುರುಕು. ಒಬ್ಬ ಮಾತ್ರೆ ನುಂಗಿ ಸತ್ತ, ಒಬ್ಬ ಕುಡಿದು ಸತ್ತ, ಇನ್ನೊಬ್ಬ ಹತ್ತಬಾರದ ವಿಮಾನ ಹತ್ತಿದ. ಸತ್ತ ಸುದ್ದಿಯಾದರೂ ನೆಟ್ಟಗೆ ಸಿಗುತ್ತಿತ್ತೇ? ಪೇಪರಿನ ಒಳಪುಟದಲ್ಲಿ ಅಡಿಕೆ ಧಾರಣೆಯ ಕೆಳಗೆ ಮೂರು ಸಾಲು, ಕೆಲವೊಮ್ಮೆ ಅದೂ ಇಲ್ಲ. ನನ್ನ ಅತಿ ಮೆಚ್ಚಿನ ಹಾಡುಗಾರನ ಹೊಸ ಕ್ಯಾಸೆಟ್ಟಿಗಾಗಿ ಎಂಟು ತಿಂಗಳು ಕಾದಿದ್ದೆ. ಕೊನೆಗೆ ಹಾಸ್ಟೆಲಿನವನೊಬ್ಬ ಬಂಗುಡೆಯ ಮುಳ್ಳು ಬಿಡಿಸುತ್ತಾ, ಆತ ಹೋಗಿ ವರ್ಷವಾಗುತ್ತಾ ಬಂತಲ್ಲ ಎಂದ. ಸತ್ತವನು ಹಾಡುತ್ತಾನೆಂದು ಕಾದ ಪೆದ್ದ ನಾನು. ಆ ಹಾಡುಗಾರನ ಮೇಲೆ, ಪೇಪರಿನವರ ಮೇಲೆ, ಆ ಬಂಗುಡೆಯ ಮೇಲೂ ಸಿಟ್ಟು ಬಂದಿತ್ತು.

ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಈಗ ಅವರ ಮುಖಗಳು ಟೀ ಶರ್ಟುಗಳ ಮೇಲೆ ಬಂದಿವೆ. ಒಂದು ಹಾಡನ್ನೂ ಕೇಳದವರು ಅವನ್ನು ಹಾಕಿಕೊಂಡು ಕಡಲ ತೀರದಲ್ಲಿ ಐಸ್‌ಕ್ರೀಮು ತಿನ್ನುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ನಾನು ಬರೆಯಬೇಕಾದ ಹೆಸರು ಒಂದೇ. ಅದು ಯಾವ ಟೀ ಶರ್ಟಿನ ಮೇಲೂ ಬರಲಿಲ್ಲ. ವಲೇರಿಯನ್.

ವಲೇರಿಯನ್ ನಮ್ಮ ಕಾಪುವಿನವನೇ. ನಮ್ಮ ಮನೆಯಿಂದ ಎರಡು ತೆಂಗಿನ ತೋಟ ದಾಟಿದರೆ ಅವರ ಮನೆ. ಚರ್ಚಿನಲ್ಲಿ ಗಿಟಾರ್ ಕಲಿತು, ನನ್ನ ಕ್ಯಾಸೆಟ್ಟುಗಳನ್ನು ಕೇಳಿ ಕೆಟ್ಟವನು. ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದರು. ಅದಕ್ಕೆ ಹೆಸರೇನಿಡುವುದೆಂದು ಎರಡು ವರ್ಷ ಜಗಳವಾಡಿ ಹೆಸರಿಲ್ಲದೆಯೇ ಉಳಿದರು. ಕಾರ್ಕಳದ ಕಡೆಯಿಂದ ರೋಸಿಗೆ ಕರೆ ಬರುತ್ತಿತ್ತು. ರೋಸ್ ಎಂದರೆ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಎಲ್ಲರಿಗೂ ಬೇಕಾದ ಹತ್ತು ಕುಣಿತದ ಹಾಡು ನುಡಿಸಿ, ಹನ್ನೊಂದನೆಯದಾಗಿ ವಲೇರಿಯನ್ ತಾನೇ ಕಟ್ಟಿದ ಒಂದನ್ನು ಶುರು ಮಾಡುತ್ತಿದ್ದ. ಹಿರಿಯರೊಬ್ಬರು ಎದ್ದು ಬಂದು ಪ್ಲಗ್ ಕೀಳುವವರೆಗೆ ಅದು ನಡೆಯುತ್ತಿತ್ತು. ನಾನು ಹೋಗಿ ಆ ಹಿರಿಯರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ, ಅವನು ನಗುತ್ತಾ ತಂತಿ ಸಡಿಲಿಸುತ್ತಿದ್ದ.

“ನನ್ನ ಪಾಲಿನ ಸಿಟ್ಟನ್ನೂ ನೀನೇ ಮಾಡ್ತೀಯಲ್ಲ ಮಾರಾಯ, ನನಗೆ ಸುಖ ಉಂಟು,” ಎಂದಿದ್ದ ಒಮ್ಮೆ.

ಅಣ್ಣ ಆಗ ಬಹರೈನಿನಲ್ಲಿದ್ದ. ಆ ಕಾಲದಲ್ಲಿ ನಮ್ಮ ಕಡೆ ಗಲ್ಫಿಗೆ ಕಾಗದ ಬರೆಯುವುದಕ್ಕಿಂತ ಕಾಗದ ಮಾತಾಡುವುದೇ ಹೆಚ್ಚು. ಅಕ್ಷರ ಬಾರದ ಅಮ್ಮಂದಿರು ಟೇಪ್ ರೆಕಾರ್ಡರಿನ ಮುಂದೆ ಕುಳಿತು ಊರ ಸುದ್ದಿಯನ್ನೆಲ್ಲ ಮಾತಾಡಿ, ರಜೆ ಮುಗಿಸಿ ಹೊರಟವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರು. ಅದಕ್ಕೆಂದೇ ಅಣ್ಣ ಬಿಟ್ಟುಹೋಗಿದ್ದ ರೆಕಾರ್ಡರಿನಲ್ಲಿ ಒಂದು ಮಧ್ಯಾಹ್ನ ವಲೇರಿಯನ್ ತನ್ನ ಹಾಡುಗಳನ್ನು ನಮ್ಮ ಚಾವಡಿಯಲ್ಲಿ ಕುಳಿತು ಹಾಡಿದ. ಹಾಡು ಇಂಗ್ಲಿಷಿನದಾದರೂ ಎಣಿಸುವುದು ಮಾತ್ರ ಕೊಂಕಣಿಯಲ್ಲಿ, ಏಕ್, ದೋನ್, ತೀನ್ ಎಂದು. ಒಳಗೆ ಅಮ್ಮ ಮೀನು ಕಾಯಿಸುತ್ತಿದ್ದಳು. ಸದ್ದು ಮಾಡಬೇಡ ಎಂದು ನಾನು ಎರಡು ಸಲ ಗದರಿದೆ. ಕ್ಯಾಸೆಟ್ಟಿನ ಎರಡೂ ಬದಿ ತುಂಬಿತು. ವಲೇರಿಯನ್ ಹಾಡಿದ್ದಕ್ಕೆ ಈ ಲೋಕದಲ್ಲಿ ಇದ್ದ ದಾಖಲೆ ಅದೊಂದೇ.

ಮರುವರ್ಷ ಅವನಿಗೆ ಕಾಮಾಲೆಯಾಯಿತು. ಕಾಮಾಲೆಗೆ ಇಂಗ್ಲಿಷ್ ಮದ್ದು ಆಗುವುದಿಲ್ಲ ಎಂಬುದು ನಮ್ಮ ಊರಿನ ಎಲ್ಲ ಜಾತಿ ಮತದವರೂ ಒಪ್ಪಿದ ಒಂದೇ ಸಂಗತಿ. ಕಾರ್ಕಳದ ಹತ್ತಿರ ಎಲೆಮದ್ದು ಕೊಡುವವರಿದ್ದಾರೆ, ತನ್ನ ತಮ್ಮನಿಗೆ ಮೂರೇ ದಿನದಲ್ಲಿ ಇಳಿದಿತ್ತು ಎಂದು ಅಮ್ಮ ಅವನ ತಾಯಿಗೆ ಹೇಳಿದಳು. ತರಲು ಹೊರಟವನು ನಾನು. ಮೂರು ವಾರದಲ್ಲಿ ಮೂರು ಸಲ ತಂದೆ. ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸು ಪರ್ಕಳ ದಾಟಿ ಮಣಿಪಾಲದಲ್ಲಿ ನಿಲ್ಲುತ್ತದೆ. ಇಳಿದು ನಾಲ್ಕು ಹೆಜ್ಜೆ ನಡೆದರೆ ದೊಡ್ಡ ಆಸ್ಪತ್ರೆ, ದೇಶದ ಮೂಲೆ ಮೂಲೆಯಿಂದ ಜನ ಹುಡುಕಿಕೊಂಡು ಬರುವಂಥದ್ದು. ಮೂರು ಸಲವೂ ನಾನು ಮಡಿಲಲ್ಲಿ ಎಲೆಯ ಪೊಟ್ಟಣ ಇಟ್ಟುಕೊಂಡು ಕಿಟಕಿಯಿಂದ ಅದನ್ನು ನೋಡಿದೆ. ಇಳಿದು ಯಾರನ್ನೂ ಒಂದು ಮಾತು ಕೇಳಲಿಲ್ಲ. ಈ ಬರಹದಲ್ಲಿ ಇರುವ ಸಿಟ್ಟೆಲ್ಲ ಆ ಸೀಟಿನಲ್ಲಿ ಕುಳಿತಿದ್ದವನ ಮೇಲೆ.

ಅವನನ್ನು ಆಸ್ಪತ್ರೆಗೆ ಸೇರಿಸಿದ್ದು ನಾಲ್ಕನೆಯ ವಾರ, ಅವನು ನನ್ನ ಗುರುತು ಹಿಡಿಯದ ದಿನ. ಇಷ್ಟು ದಿನ ಎಲ್ಲಿದ್ದಿರಿ ಎಂದು ಡಾಕ್ಟರು ಕೇಳಿದರು. ಐದು ದಿನ ಉಳಿದ. ಇಪ್ಪತ್ತಾರು ವರ್ಷವಾಗಿತ್ತು. ದೂರದ ಹಾಡುಗಾರರ ಸಾವಿಗಾದರೂ ಮೂರು ಸಾಲಿನ ಸುದ್ದಿ ಇತ್ತು, ಇವನದ್ದು ಹಸಿರು ರಸ ಮತ್ತು ಉಪ್ಪಿಲ್ಲದ ಗಂಜಿ. ಮಣ್ಣಿಗಿಡುವ ಹೊತ್ತಿನಲ್ಲಿ ನನ್ನ ಹಿಂದೆ ನಿಂತಿದ್ದ ದೊಡ್ಡ ಮನುಷ್ಯರೊಬ್ಬರು, ಇಂಥ ಹಾಡಿನವರೆಲ್ಲ ಗಾಂಜಾ ಸೇದಿ ಹೀಗೇ ಹೋಗುವುದು ಎಂದರು. ವಲೇರಿಯನ್ ಬೀಡಿ ಕೂಡ ಮುಟ್ಟಿದವನಲ್ಲ. ನಾನು ಅವರ ಕಾಲರ್ ಹಿಡಿದೆ. ಪಾದ್ರಿಗಳು ಬಂದು ಬಿಡಿಸಿದರು.

ಮರುದಿನ ನನ್ನ ಕ್ಯಾಸೆಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿಸಿ, ದೀಪಸ್ತಂಭದ ಬಂಡೆಯ ಮೇಲೆ ನಿಂತು ಒಂದೊಂದಾಗಿ ಕಡಲಿಗೆ ಎಸೆದೆ. ಕೆಲವನ್ನು ಅಲೆ ವಾಪಸು ತಂದು ಹಾಕಿತು. ಅವನ್ನು ಹೆಕ್ಕಿ ಇನ್ನೊಮ್ಮೆ ಎಸೆದೆ. ವಲೇರಿಯನ್ ಹಾಡಿದ್ದು ಮಾತ್ರ ಕಪಾಟಿನಲ್ಲಿ ಉಳಿದಿತ್ತು. ವಾರ ಕಳೆದು ನೋಡಿದರೆ ಅದರ ಕವರು ಖಾಲಿ.

“ಅದರಲ್ಲಿ ನಿನ್ನ ಅಣ್ಣನಿಗೆ ಮಾತಾಡಿ ಕಳಿಸಿದೆ,” ಎಂದಳು ಅಮ್ಮ.

ನಾನು ಆ ದಿನ ಆಡಿದ ಮಾತುಗಳನ್ನು ಬರೆಯುವ ಧೈರ್ಯ ಇಲ್ಲ. ಅಕ್ಷರ ಬಾರದವಳಿಗೆ ಹಾಡಿನ ಬೆಲೆ ಏನು ಗೊತ್ತು ಎಂಬುದು ಅದರಲ್ಲಿ ಎಲ್ಲಕ್ಕಿಂತ ಸಣ್ಣದು. ಅಮ್ಮ ಮೀನು ಕೊಯ್ಯುತ್ತಾ ಕುಳಿತಿದ್ದಳು, ತಲೆ ಎತ್ತಲಿಲ್ಲ. ಅದಾಗಿ ಹತ್ತೊಂಬತ್ತು ವರ್ಷ ಬದುಕಿದಳು. ಒಟ್ಟಿಗೆ ಉಂಡಿದ್ದೇವೆ, ನಕ್ಕಿದ್ದೇವೆ, ಸಣ್ಣ ಜ್ವರ ಬಂದರೂ ಅವಳನ್ನು ಮಣಿಪಾಲಕ್ಕೆ ಎಳೆದುಕೊಂಡು ಹೋಗಿದ್ದೇನೆ. ಆದರೆ ಆ ಸಿಟ್ಟನ್ನು ಬಿಡಲಿಲ್ಲ. ಮನೆಯಲ್ಲಿ ಯಾರಾದರೂ ಹಾಡು ಹಾಕಿದರೆ, ಇಲ್ಲಿ ಅಳಿಸುವವರಿದ್ದಾರೆ ಜಾಗ್ರತೆ ಎಂದು ಅವಳಿಗೆ ಕೇಳುವ ಹಾಗೆ ಹೇಳುತ್ತಿದ್ದೆ. ಇದನ್ನು ತಮಾಷೆ ಎಂದುಕೊಂಡಿದ್ದೆ.

ಅಣ್ಣ ಡಬ್ಬದಿಂದ ಒಂದು ಕ್ಯಾಸೆಟ್ ಎತ್ತಿ, ಇದು ನಿನ್ನದು ಎಂದ. ಅದರ ಮೇಲೆ ನನ್ನದೇ ಕೈಬರಹ ಇತ್ತು. ತನ್ನ ಹಳೆಯ ಟೂ-ಇನ್-ವನ್ನಿಗೆ ಅದನ್ನು ಹಾಕಿದ. ಮೊದಲು ಅಮ್ಮ ಕೆಮ್ಮಿದಳು. ಇಲ್ಲಿ ಎಲ್ಲರೂ ಸೌಖ್ಯ ಎಂದಳು. ಆಮೇಲೆ ಹೇಳಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಹೇಳಿದರೆ ಹೀಗೆ:

“ಮಗಾ, ವಲೇರಿಯನ್ ಹೋದ. ಮದ್ದು ಹೇಳಿದ್ದು ನಾನು. ತಾನು ತಂದುಕೊಟ್ಟೆ ಅಂತ ನಿನ್ನ ತಮ್ಮನ ತಲೆಯಲ್ಲಿ ಕೂತಿದೆ. ನನ್ನನ್ನು ಬೈಯುವುದೂ ಇಲ್ಲ, ಬೈದಿದ್ದರೆ ಒಳ್ಳೆದಿತ್ತು. ಟೇಪ್ ಎಲ್ಲ ಕಡಲಿಗೆ ಬಿಸಾಡಿದ. ಇದೊಂದು ಉಂಟು, ನಾಳೆ ಇದನ್ನೂ ಬಿಸಾಡ್ತಾನೆ. ಮಾತಾಡ್ಲಿಕ್ಕೆ ಬೇರೆ ಟೇಪ್ ಇಲ್ಲ, ಹಾಗೆ ಈಚೆ ಬದಿಯಲ್ಲಿ ಮಾತ್ರ ಮಾತಾಡ್ತೇನೆ. ಆಚೆ ಬದಿ ಮುಟ್ಟುವುದಿಲ್ಲ. ನಿನ್ನ ಹತ್ತಿರ ಇರಲಿ. ಅವನ ಸಿಟ್ಟು ಇಳಿದ ಮೇಲೆ ಕೊಡು.”

ನಾನು ಅದನ್ನು ಬಿಸಾಡುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಸುಳ್ಳು. ಬಿಸಾಡುತ್ತಿದ್ದೆ. ಹೀಗೆ ಅವಳು ಹಾಡನ್ನೂ ಉಳಿಸಿದಳು, ನನಗೆ ಬೈಯಲು ಒಂದು ಕಾರಣವನ್ನೂ ಕೊಟ್ಟಳು. ಹತ್ತೊಂಬತ್ತು ವರ್ಷ ಬೈಸಿಕೊಂಡಳು.

ಇಷ್ಟು ವರ್ಷ ಯಾಕೆ ಕೊಡಲಿಲ್ಲ ಎಂದು ಅಣ್ಣನ ಮೇಲೆ ಹರಿಹಾಯ್ದೆ. ಅವನು ಕನ್ನಡಕ ಒರೆಸಿಕೊಂಡ.

“ನಾನು ನೋಡ್ತಾನೇ ಇದ್ದೆ ಮಾರಾಯ. ನಿನ್ನ ಸಿಟ್ಟು ಇಳಿಯಲೇ ಇಲ್ಲ, ಅಲ್ವಾ? ಈಗ ನನಗೂ ವಯಸ್ಸಾಯ್ತು. ಇನ್ನೆಷ್ಟು ಕಾಯುವುದು?”

ಕ್ಯಾಸೆಟ್ಟನ್ನು ತೆಗೆದು ಮಗುಚಿ ಹಾಕಿದೆ. ಗುಂಡಿಯ ಮೇಲೆ ಬೆರಳಿಟ್ಟು, ಸಿಟ್ಟು ಇಳಿದಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಇಳಿದಿಲ್ಲ. ಆ ಬಸ್ಸಿನಲ್ಲಿ ಕುಳಿತವನು ಇನ್ನೂ ಇಳಿದಿಲ್ಲ. ಆದರೆ ಅದರಲ್ಲಿ ಅಮ್ಮನ ಪಾಲು ಇನ್ನು ಇಲ್ಲ. ಒತ್ತಿದೆ. ಸ್ವಲ್ಪ ಹೊತ್ತು ಬರೀ ಸುಯ್ಯೆನ್ನುವ ಸದ್ದು. ಒಳಗೆಲ್ಲೋ ಕಾವಲಿಗೆ ಮೀನು ಬಿದ್ದು ಚುರ್ರೆಂದಿತು. ಸದ್ದು ಮಾಡಬೇಡ ಎಂದು ನಾನು ಗದರಿದ್ದೂ ಕೇಳಿಸಿತು. ಆಮೇಲೆ ವಲೇರಿಯನ್ ನಕ್ಕು, ಎಣಿಸಲು ಶುರು ಮಾಡಿದ. ಏಕ್, ದೋನ್, ತೀನ್.