ಬದು ಒತ್ತುವ ಭೂಮಿ

ಗುಜರಾತಿನ ಭೂಕಂಪವನ್ನು ಟೀವಿಯಲ್ಲಿ ನೋಡಿದ ಅಪ್ಪ, “ಭೂಮಿ ಯಾಕ್ಲಾ ಅಂಗೆ ನಡುಗೋದು?” ಎಂದ. ನಾನು ಹುಣಸೂರು ಕಡೆಯ ಹೈಸ್ಕೂಲೊಂದರ ಭೂಗೋಳದ ಮೇಷ್ಟ್ರು, ಸುಮ್ಮನಿರುತ್ತೇನೆಯೇ? ಭೂಮಿಯ ಮೇಲ್ಪದರ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ, ಅವು ವರ್ಷವರ್ಷವೂ ಬೆರಳಷ್ಟು ಸರಿದು ಒಂದನ್ನೊಂದು ಒತ್ತುತ್ತವೆ, ಕಚ್ಚಿಕೊಂಡ ಅಂಚು ತಡೆಯಲಾರದೆ ಒಮ್ಮೆಲೇ ಜಾರಿದರೆ ಭೂಕಂಪ. ಒಂದು ಇನ್ನೊಂದರ ಅಡಿಗೆ ನುಗ್ಗಿದ ಕಡೆ ಆಳದಲ್ಲಿ ಬಂಡೆ ಕರಗಿ, ಮೇಲೆದ್ದು ಉಕ್ಕಿದರೆ ಜ್ವಾಲಾಮುಖಿ ಎಂದು ವಿವರಿಸಿದೆ.

“ನಿನ್ ಚಿಕ್ಕಪ್ಪ ಉಳುವಾಗೆಲ್ಲ ನಮ್ ಹೊಗೆಸೊಪ್ಪಿನ ಹೊಲದ ಬದು ಒತ್ಕೊಂಡು ಬತ್ತಾನಲ್ಲ, ಅಂಗೆ ಅನ್ನು,” ಎಂದ ಅಪ್ಪ.

ಹೋಲಿಕೆ ಪುಸ್ತಕದ್ದಕ್ಕಿಂತ ಚೆನ್ನಾಗಿತ್ತು. ಬೆಳಿಗ್ಗೆ ಹೊರಡುವಾಗ, “ಮಕ್ಕಳಿಗೂ ಇದನ್ನೇ ಹೇಳ್ತೀನಿ” ಎಂದು ಅಮ್ಮನೆದುರು ಬೀಗಿದೆ, ತರಗತಿಯಲ್ಲಿ ಹಾಗೇ ಹೇಳಿದೆ. ಮುಂದಿನ ಬೆಂಚಿನಲ್ಲಿ ಚಿಕ್ಕಪ್ಪನ ಮಗಳು ಕೂರುತ್ತಾಳೆಂಬುದು ಮಾತ್ರ ಮೇಷ್ಟ್ರಿಗೆ ಹೊಳೆಯಲಿಲ್ಲ.

ಸಂಜೆ ಚಿಕ್ಕಪ್ಪ ನಮ್ಮ ಅಂಗಳಕ್ಕೇ ಬಂದ. “ಮೊದ್ಲು ಬದು ಒತ್ತಿದ್ದು ಯಾವನು ಅಂತಾನೂ ಪಾಠ ಮಾಡ್ಲಾ!”

ಅಪ್ಪ ಮಚ್ಚಿಗಾಗಿ ಸೂರೆಲ್ಲ ತಡಕಿದ. ಸಿಗಲಿಲ್ಲ.

ಭೂಕಂಪ ಯಾವಾಗ ಆಗುತ್ತದೆಂದು ಮೊದಲೇ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ ಎಂದೂ ಅವತ್ತು ಪಾಠ ಮಾಡಿದ್ದೆ. ಬೆಳಿಗ್ಗೆ ನಾನು ಹೊಸಿಲು ದಾಟಿದ ಕೂಡಲೇ ಅಮ್ಮ ಮಚ್ಚನ್ನು ರಾಗಿ ಮೂಟೆಯೊಳಗೆ ಹೂತಿಟ್ಟಿದ್ದಳು.